ದಾನಿಯ ಅಂಡಾಣುವಿನಿಂದ ಮಗು: ಯಾವುದು ಮೊದಲು, ಯಾವುದು ಆಮೇಲೆ

"ನಿಮ್ಮ ಅಂಡಾಣುವಿನಿಂದ ಆಗೋದು ಕಷ್ಟ, ಡೋನರ್ ಎಗ್ ಬಗ್ಗೆ ಯೋಚನೆ ಮಾಡಿ." ಡಾಕ್ಟರ್ ಈ ಮಾತು ಹೇಳಿದ ದಿನವೇ ಖರ್ಚಿನ ಪಟ್ಟಿ, ಪರೀಕ್ಷೆಗಳ ಚೀಟಿ, ಸಹಿ ಹಾಕಬೇಕಾದ ಕಾಗದ ಎಲ್ಲವೂ ಒಟ್ಟಿಗೆ ಕೈಗೆ ಬಂದುಬಿಡುತ್ತವೆ. ಅಳುವುದಕ್ಕೂ ಪುರುಸೊತ್ತಿರುವುದಿಲ್ಲ. ಅಲ್ಲಿಂದ ಮುಂದೆ ಆಸ್ಪತ್ರೆಯ ವೇಳಾಪಟ್ಟಿ ಹೇಳಿದಂತೆ ನಡೆಯುವುದೇ ಆಗುತ್ತದೆ.

ಚಿಕಿತ್ಸೆ, ಅಂದರೆ ದಾನಿಯ ಅಂಡಾಣುವಿಗೆ ಗಂಡನ ವೀರ್ಯ ಸೇರಿಸಿ ಆದ ಭ್ರೂಣವನ್ನು ನಿಮ್ಮ ಗರ್ಭಕೋಶದಲ್ಲಿ ಇಡುವುದು, ಕೆಲವು ವಾರಗಳ ಕೆಲಸ. ದಾನಿ ಎಂಥವರು, ಅವರ ವಿವರ ಎಲ್ಲಿ ಉಳಿದಿದೆ, ಮಗುವಿಗೆ ಏನು ಹೇಳುತ್ತೀರಿ ಎಂಬ ಪ್ರಶ್ನೆಗಳು ಮಾತ್ರ ಹುಟ್ಟುವ ಮಗುವಿನ ಜೊತೆ ಅದರ ಆಯುಷ್ಯವಿಡೀ ಇರುತ್ತವೆ. ಅದಕ್ಕೇ ಇಲ್ಲಿ ಹೆಜ್ಜೆಗಳನ್ನು ಆಸ್ಪತ್ರೆಯವರು ಇಡುವ ಕ್ರಮದಲ್ಲಿ ಇಟ್ಟಿಲ್ಲ. ಅವರು ಕೊನೆಗೆ ಬಿಡುವ, ಎಷ್ಟೋ ಸಲ ಕೇಳದೆಯೇ ಬಿಡುವ ಪ್ರಶ್ನೆಗಳನ್ನು ಮುಂದಕ್ಕೆ ತಂದಿದ್ದೇನೆ.

ಇದು ನಿಜಕ್ಕೂ ಬೇಕೇ?

ಹೆಣ್ಣುಮಗು ಹುಟ್ಟುವಾಗ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಅದು ಮೂರು ನಾಲ್ಕು ಲಕ್ಷಕ್ಕೆ ಇಳಿದಿರುತ್ತದೆ, ಮುಟ್ಟು ನಿಲ್ಲುವ ಹೊತ್ತಿಗೆ ಸಾವಿರದ ಆಸುಪಾಸು. ಎಣಿಕೆ ತಗ್ಗುವುದು ಒಂದು ತೊಂದರೆಯಾದರೆ, ವಯಸ್ಸಾದಂತೆ ಅಂಡಾಣುವಿನೊಳಗಿನ ವರ್ಣತಂತುಗಳ ಹಂಚಿಕೆ ಕೆಡುವುದು ಅದಕ್ಕಿಂತ ದೊಡ್ಡ ತೊಂದರೆ. ನಲವತ್ಮೂರು ನಲವತ್ನಾಲ್ಕು ದಾಟಿದ ಮೇಲೆ ಸ್ವಂತ ಅಂಡಾಣುವನ್ನು ಲ್ಯಾಬಿನಲ್ಲಿ ವೀರ್ಯದ ಜೊತೆ ಸೇರಿಸುವ ಐವಿಎಫ್‌ನಲ್ಲಿ ಮಗು ಕೈಗೆ ಬರುವ ಸಾಧ್ಯತೆ ಒಂದು ಪ್ರಯತ್ನಕ್ಕೆ ಶೇ. 5ಕ್ಕಿಂತ ಕೆಳಗೆ ಹೋಗುತ್ತದೆ. ಅದೇ ಮಹಿಳೆಗೆ ಇಪ್ಪತ್ತರ ಹರೆಯದ ದಾನಿಯ ಅಂಡಾಣು ಸಿಕ್ಕರೆ, ಒಳ್ಳೆಯ ಕೇಂದ್ರಗಳಲ್ಲಿ ಒಂದು ಭ್ರೂಣ ವರ್ಗಾವಣೆಗೆ ಶೇ. 40ರಿಂದ 50ರಷ್ಟು. ಅಂಡಾಣುವಿಗೆ ಹೋಲಿಸಿದರೆ ಗರ್ಭಕೋಶ ಮುದಿಯಾಗುವುದು ತೀರ ನಿಧಾನ. ಹಾಗಾಗಿ ಇಲ್ಲಿ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ದಾನಿಯ ವಯಸ್ಸು, ನಿಮ್ಮದಲ್ಲ.

ವಯಸ್ಸಲ್ಲದೆ ಬೇರೆ ಕಾರಣಗಳೂ ಇವೆ. ನಲವತ್ತಕ್ಕೆ ಮುಂಚೆಯೇ ಅಂಡಾಶಯ ಕೆಲಸ ನಿಲ್ಲಿಸುವುದು ಸುಮಾರು ನೂರರಲ್ಲಿ ಒಬ್ಬರಿಗೆ ಆಗುತ್ತದೆ. ಕ್ಯಾನ್ಸರಿಗೆ ಕೀಮೋ ಅಥವಾ ರೇಡಿಯೇಶನ್ ಪಡೆದವರು, ಎರಡೂ ಅಂಡಾಶಯಗಳಿಗೆ ಶಸ್ತ್ರಚಿಕಿತ್ಸೆ ಆದವರು, ಟರ್ನರ್ ಸಿಂಡ್ರೋಮ್ (ಹುಟ್ಟಿನಿಂದಲೇ ಒಂದು ಎಕ್ಸ್ ವರ್ಣತಂತು ಪೂರ್ತಿಯಾಗಿಯೋ ಭಾಗಶಃವೋ ಇಲ್ಲದಿರುವುದು) ಇರುವವರು, ಮಗುವಿಗೆ ದಾಟಬಾರದ ಆನುವಂಶಿಕ ಕಾಯಿಲೆ ಇರುವವರು ಈ ದಾರಿಗೆ ಬರುತ್ತಾರೆ.

ಆದರೆ ಎಎಂಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆಯಲ್ಲಿ ಅಂಕಿ ಕಡಿಮೆ ಬಂತು ಎಂಬ ಒಂದೇ ಕಾರಣಕ್ಕೆ ಮೂವತ್ತು ಮೂವತ್ತೆರಡರ ಹೆಣ್ಣುಮಗಳಿಗೆ ನೇರವಾಗಿ ದಾನಿಯ ಹಾದಿ ತೋರಿಸಿದರೆ ಅಲ್ಲೇ ಸ್ವಲ್ಪ ನಿಲ್ಲಿ. ಎಎಂಎಚ್ ಹೇಳುವುದು ಉಳಿದ ಅಂಡಾಣುಗಳ ಸುಮಾರು ಪ್ರಮಾಣವನ್ನು. ಅವುಗಳ ಗುಣಮಟ್ಟ ಅದಕ್ಕೆ ಗೊತ್ತಿಲ್ಲ. ಮುಟ್ಟು ಸರಿಯಾಗಿ ಬರುತ್ತಿದ್ದು ವಯಸ್ಸೂ ಚಿಕ್ಕದಿದ್ದರೆ ಕಡಿಮೆ ಅಂಡಾಣುಗಳಲ್ಲೇ ಒಂದು ಒಳ್ಳೆಯದು ಸಿಗಬಹುದು. ಅಂಡಾಶಯ ಬೇಗ ಸೋತವರಲ್ಲೂ ಕೆಲವರಿಗೆ ತಾನಾಗಿಯೇ ಗರ್ಭ ನಿಂತದ್ದಿದೆ. ಹಾಗೆಯೇ ಐವಿಎಫ್ ಮೂರು ನಾಲ್ಕು ಸಲ ವಿಫಲವಾಗಿದ್ದರೆ, ದೋಷ ಅಂಡಾಣುವಿನದ್ದೇ ಎಂದು ಹೇಗೆ ತೀರ್ಮಾನವಾಯಿತು ಎಂದು ಕೇಳಿ. ತೊಂದರೆ ವೀರ್ಯದಲ್ಲೋ ಗರ್ಭಕೋಶದಲ್ಲೋ ಇದ್ದರೆ ದಾನಿಯ ಅಂಡಾಣು ತಂದೂ ಫಲವಿಲ್ಲ. ಇನ್ನೊಂದು ಕೇಂದ್ರಕ್ಕೆ ಹೋಗಿ ಎಲ್ಲ ರಿಪೋರ್ಟ್ ತೋರಿಸಿ ಕೇಳುವುದರಲ್ಲಿ ಯಾರಿಗೂ ಅವಮಾನವಿಲ್ಲ.

ದಾನಿಯನ್ನು ಹುಡುಕುವ ಮೊದಲು ನಿಮ್ಮಿಬ್ಬರ ಮಾತು

ಈ ಚಿಕಿತ್ಸೆಯಲ್ಲಿ ದಂಪತಿಯ ನಡುವೆ ಒಂದು ಅಸಮತೋಲನ ಇದೆ. ಗಂಡನ ಕಡೆಯ ಗುಣಾಣುಗಳು (ಜೀನ್‌ಗಳು) ಮಗುವಿಗೆ ಹೋಗುತ್ತವೆ, ಹೆಂಡತಿಯವು ಹೋಗುವುದಿಲ್ಲ. "ಅದಕ್ಕೇನಂತೆ, ನೀನೇ ತಾನೆ ಹೆರುವವಳು" ಎಂದು ಗಂಡ ಸಮಾಧಾನಕ್ಕೆ ಹೇಳುವ ಮಾತು ಅವಳಿಗೆ ಚುಚ್ಚಬಹುದು. ಹೆರುವುದನ್ನು ಅವಳು ಕಳೆದುಕೊಂಡಿಲ್ಲ, ಸರಿ. ಅಮ್ಮನ ಮೂಗು, ಅಜ್ಜಿಯ ಗುಂಗುರು ಕೂದಲು ಮಗುವಿನಲ್ಲಿ ಕಾಣುವ ಆಸೆಯನ್ನು ಕಳೆದುಕೊಂಡಿದ್ದಾಳೆ. ಆ ನೋವಿಗೆ ಸಮಯ ಕೊಡಬೇಕು. ಎಷ್ಟು ಸಮಯ ಎಂದರೆ, ದಾನಿಗಳ ವಿವರ ಓದುವಾಗ ಹೊಟ್ಟೆಯೊಳಗೆ ಕಿವುಚಿದಂತಾಗದೆ ಪುಟ ತಿರುಗಿಸಲು ಆಗುವಷ್ಟು.

ವಿಜ್ಞಾನ ಏನು ಹೇಳುತ್ತದೆ ಎನ್ನುವುದನ್ನೂ ನೇರವಾಗಿ ತಿಳಿದಿರಿ. ಮಗುವಿನ ಡಿಎನ್‌ಎ ದಾನಿಯಿಂದ ಮತ್ತು ವೀರ್ಯ ಕೊಟ್ಟವರಿಂದ ಬರುತ್ತದೆ, ಮೈಟೊಕಾಂಡ್ರಿಯದ ಡಿಎನ್‌ಎ ಕೂಡ ದಾನಿಯದ್ದೇ. ಗರ್ಭ ಹೊತ್ತವಳ ಆಹಾರ, ಆರೋಗ್ಯ, ಹಾರ್ಮೋನುಗಳು ಆ ಗುಣಾಣುಗಳಲ್ಲಿ ಯಾವುದು ಎಷ್ಟು ಕೆಲಸ ಮಾಡಬೇಕು ಎಂಬುದರ ಮೇಲೆ ಪ್ರಭಾವ ಬೀರುತ್ತವೆ. ಇದು ಸಣ್ಣ ವಿಷಯವಲ್ಲ. ಆದರೆ "ಒಂಬತ್ತು ತಿಂಗಳು ಹೊತ್ತರೆ ಮಗು ನಿಮ್ಮ ಹಾಗೇ ಆಗುತ್ತೆ" ಎಂದು ಯಾರಾದರೂ ಹೇಳಿದರೆ ಅದು ಮಾರಾಟದ ಮಾತು.

ಈಗ, ಮುಂದೂಡಬಾರದ ಪ್ರಶ್ನೆ: ಮಗುವಿಗೆ ಹೇಳುತ್ತೀರಾ? ಇದು ಮಗು ದೊಡ್ಡದಾದ ಮೇಲೆ ನೋಡಿಕೊಳ್ಳುವ ವಿಷಯ ಎಂದು ಅನ್ನಿಸುತ್ತದೆ. ಹಾಗಲ್ಲ. ಹೇಳುವುದಾದರೆ ಗುರುತು ಮುಂದೆ ಸಿಗಬಲ್ಲ ದಾನಿಯನ್ನು ಹುಡುಕಬೇಕಾಗಬಹುದು, ಪ್ರತಿಯೊಂದು ಕಾಗದವನ್ನೂ ಜೋಪಾನ ಮಾಡಬೇಕಾಗುತ್ತದೆ. ಹೇಳುವುದಿಲ್ಲ ಎಂದುಕೊಂಡು ಯಾವ ದಾಖಲೆಯೂ ಇಲ್ಲದ ದಾನಿಯನ್ನು ಆರಿಸಿ, ಹತ್ತು ವರ್ಷದ ಮೇಲೆ ಮನಸ್ಸು ಬದಲಾದರೆ ಹಿಂದಕ್ಕೆ ಹೋಗುವ ದಾರಿ ಇಲ್ಲ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ: ಹೇಳುವುದೇ ಸರಿ, ಅದೂ ಚಿಕ್ಕಂದಿನಲ್ಲೇ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸೂಸನ್ ಗೊಲಂಬೊಕ್ ಮತ್ತು ಸಂಗಡಿಗರು ದಾನಿಯ ಅಂಡಾಣು, ದಾನಿಯ ವೀರ್ಯ, ಬಾಡಿಗೆ ತಾಯ್ತನದಿಂದ ಹುಟ್ಟಿದ ಮಕ್ಕಳನ್ನು ಶೈಶವದಿಂದ ಇಪ್ಪತ್ತರ ವಯಸ್ಸಿನವರೆಗೆ ಗಮನಿಸುತ್ತ ಬಂದು 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಮಕ್ಕಳ ಮಾನಸಿಕ ಆರೋಗ್ಯ ಉಳಿದ ಮಕ್ಕಳಿಗಿಂತ ಕಡಿಮೆಯೇನೂ ಇರಲಿಲ್ಲ. ಏಳು ವರ್ಷದೊಳಗೆ ವಿಷಯ ತಿಳಿದಿದ್ದ ಮನೆಗಳಲ್ಲಿ ತಾಯಿ ಮಕ್ಕಳ ಸಂಬಂಧ ಇನ್ನೂ ಚೆನ್ನಾಗಿತ್ತು. ಅದಿರಲಿ, ಈಗ ಎಂಜಲಿನ ಸ್ಯಾಂಪಲ್ ಕಳಿಸಿ ಮನೆಯಲ್ಲೇ ವಂಶವೃಕ್ಷ ಹುಡುಕುವ ಡಿಎನ್‌ಎ ಕಿಟ್‌ಗಳು ಬಂದಿವೆ. ದಾನಿಯ ಚಿಕ್ಕಪ್ಪನ ಮಗಳು ಪರೀಕ್ಷೆ ಮಾಡಿಸಿದ್ದರೂ ಸಾಕು, ಗುಟ್ಟು ರಟ್ಟಾಗುತ್ತದೆ. ಆಸ್ಪತ್ರೆ ಕೊಡುವ ಗೌಪ್ಯತೆಯ ಮಾತಿಗೆ ಅಷ್ಟರ ಮಟ್ಟಿಗೆ ಮಿತಿಯಿದೆ.

ನೆಂಟರಿಷ್ಟರಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಒಂದು ಎಚ್ಚರಿಕೆ ಇರಲಿ: ಅತ್ತೆ, ಅಕ್ಕ, ಇಬ್ಬರು ಗೆಳತಿಯರಿಗೆ ಗೊತ್ತಿದ್ದು ಮಗುವಿಗೊಂದೇ ಗೊತ್ತಿಲ್ಲದಿದ್ದರೆ, ಅದು ಯಾರ ಬಾಯಿಂದಲೋ ಯಾವತ್ತೋ ಅದರ ಕಿವಿಗೆ ಬಿದ್ದೇ ಬೀಳುತ್ತದೆ.

ಈ ಮಾತುಕತೆ ಇಬ್ಬರಿಂದಲೇ ಮುಂದೆ ಸಾಗದಿದ್ದರೆ, ಬಂಜೆತನ ಚಿಕಿತ್ಸೆಯ ಅನುಭವವಿರುವ ಆಪ್ತಸಮಾಲೋಚಕರ ಜೊತೆ ಕೂತುಕೊಳ್ಳಿ. ಅವರ ಕೆಲಸ ನಿಮ್ಮನ್ನು ಪರೀಕ್ಷಿಸಿ ಪಾಸು ಫೇಲು ಮಾಡುವುದಲ್ಲ.

ಎಂಥ ದಾನಿ?

ಪರಿಚಿತರು ಅಥವಾ ಅಪರಿಚಿತರು, ಸ್ಥೂಲವಾಗಿ ಇಷ್ಟೇ. ಅಪರಿಚಿತರಲ್ಲಿ ಎರಡು ಬಗೆ: ಗುರುತು ಎಂದೂ ಸಿಗದವರು ಮತ್ತು ಮಗು ಪ್ರಾಯಕ್ಕೆ ಬಂದ ಮೇಲೆ ಗುರುತು ತಿಳಿಸಲು ಒಪ್ಪಿದವರು.

ತಂಗಿ ಕೊಡುತ್ತೇನೆ ಎಂದಿದ್ದಾಳೆ ಎನ್ನುವವರು ಇದ್ದಾರೆ. ಚೆನ್ನಾಗಿ ನಡೆದರೆ ಇದಕ್ಕಿಂತ ಒಳ್ಳೆಯದಿಲ್ಲ: ಮನೆತನದ ಗುಣಾಣು ಉಳಿಯುತ್ತದೆ, ಕಾಯಿಲೆಗಳ ಇತಿಹಾಸ ಗೊತ್ತಿರುತ್ತದೆ. ಆದರೆ ಅಕ್ಕ ಕಣ್ಣೀರು ಹಾಕಿಕೊಂಡು ಕೇಳಿದಾಗ ತಂಗಿ ಒಲ್ಲೆ ಎನ್ನಲಾರಳು. ಅವಳನ್ನು ಒಬ್ಬಳನ್ನೇ, ನೀವ್ಯಾರೂ ಇಲ್ಲದಾಗ, ಸಮಾಲೋಚಕರು ಮಾತಾಡಿಸಬೇಕು. "ವೈದ್ಯಕೀಯ ಕಾರಣದಿಂದ ಆಗುವುದಿಲ್ಲ" ಎಂದು ಹೇಳಿ ಅವಳನ್ನು ಗೌರವದಿಂದ ಬಿಡಿಸಿಕೊಳ್ಳುವ ಅವಕಾಶ ಡಾಕ್ಟರ್ ಕೈಯಲ್ಲಿರಲಿ. ಅವಳಿಗೆ ಮದುವೆಯಾಗಿದ್ದರೆ ಗಂಡನಿಗೂ ವಿಷಯ ಸ್ಪಷ್ಟವಿರಬೇಕು. ಮಗು ಹುಟ್ಟಿದ ಮೇಲೆ ಅವಳು ಚಿಕ್ಕಮ್ಮನೇ. ಮಗುವಿನ ಓದು, ಊಟ, ಬಟ್ಟೆ ಯಾವುದರಲ್ಲೂ ಅವಳ ಮಾತಿಗೆ ಹೆಚ್ಚಿನ ತೂಕ ಇಲ್ಲ, ಕಡಿಮೆಯೂ ಇಲ್ಲ. ಇದನ್ನು ಮೊದಲೇ ಬಾಯಿಬಿಟ್ಟು ಆಡಿಕೊಂಡವರಿಗೆ ಮುಂದೆ ಕಿರಿಕಿರಿ ಕಡಿಮೆ.

ಇನ್ನು ತಾಜಾ ಅಂಡಾಣುವೋ ಹೆಪ್ಪುಗಟ್ಟಿಸಿದ್ದೋ ಎಂಬ ಪ್ರಶ್ನೆ. ತಾಜಾ ಎಂದರೆ ದಾನಿಯ ಮತ್ತು ನಿಮ್ಮ ಋತುಚಕ್ರವನ್ನು ಔಷಧದಿಂದ ಜೊತೆಗೂಡಿಸಬೇಕು, ಇಲ್ಲವೇ ಭ್ರೂಣ ಮಾಡಿ ಹೆಪ್ಪುಗಟ್ಟಿಸಿಟ್ಟು ಆಮೇಲೆ ವರ್ಗಾಯಿಸಬೇಕು. ದಾನಿ ನಡುವೆ ಹಿಂದೆ ಸರಿದರೆ ಎಲ್ಲ ಮೊದಲಿನಿಂದ. ಅಂಡಾಣು ಬ್ಯಾಂಕಿನಲ್ಲಿ ಮೊದಲೇ ಹೆಪ್ಪುಗಟ್ಟಿಸಿಟ್ಟದ್ದಾದರೆ ಕಾಯುವುದು ಕಡಿಮೆ, ಸಿಗುವ ಸಂಖ್ಯೆಯೂ ಕಡಿಮೆ. ವಿಟ್ರಿಫಿಕೇಶನ್ ಎಂಬ ಅತಿವೇಗದ ಹೆಪ್ಪುಗಟ್ಟಿಸುವ ವಿಧಾನ ಬಂದ ಮೇಲೆ ಕರಗಿಸಿದಾಗ ಹತ್ತರಲ್ಲಿ ಎಂಟು ಒಂಬತ್ತು ಬದುಕುತ್ತವೆ. ಇವುಗಳಿಗೆ ಸಾಮಾನ್ಯವಾಗಿ ಇಕ್ಸಿ, ಅಂದರೆ ಒಂದೊಂದು ಅಂಡಾಣುವಿಗೂ ಸೂಜಿಯಿಂದ ಒಂದು ವೀರ್ಯಾಣು ಸೇರಿಸುವ ಕ್ರಮ ಬೇಕಾಗುತ್ತದೆ.

ಕಾನೂನು ದೇಶಕ್ಕೊಂದು

ಜರ್ಮನಿಯಲ್ಲಿ 1990ರ ಭ್ರೂಣ ರಕ್ಷಣಾ ಕಾಯ್ದೆ ಅಂಡಾಣು ದಾನವನ್ನೇ ನಿಷೇಧಿಸುತ್ತದೆ. ಸ್ಪೇನ್‌ನ 2006ರ ಕಾನೂನಿನಲ್ಲಿ ದಾನಿ ಅನಾಮಧೇಯರಾಗಿಯೇ ಇರಬೇಕು. ಬ್ರಿಟನ್ನಿನಲ್ಲಿ 2005ರ ಏಪ್ರಿಲ್ ನಂತರ ನೋಂದಾಯಿಸಿಕೊಂಡ ದಾನಿಗಳ ಗುರುತನ್ನು ಮಗು ಹದಿನೆಂಟು ತುಂಬಿದ ಮೇಲೆ ಕೇಳಿ ಪಡೆಯಬಹುದು. ಫ್ರಾನ್ಸ್ ಕೂಡ 2022ರ ಸೆಪ್ಟೆಂಬರಿನಿಂದ ಅದೇ ದಾರಿ ಹಿಡಿದಿದೆ. ನೆರವಿನ ಸಂತಾನೋತ್ಪತ್ತಿ ಚಿಕಿತ್ಸೆಗಳನ್ನು ನಿಯಂತ್ರಿಸುವ ಭಾರತದ 2021ರ ಎಆರ್‌ಟಿ ಕಾಯ್ದೆಯ ಪ್ರಕಾರ ಅಂಡಾಣು ದಾನಿಗೆ 23ರಿಂದ 35 ವಯಸ್ಸು, ಆಕೆ ಜೀವನದಲ್ಲಿ ಒಮ್ಮೆ ಮಾತ್ರ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಚಿಕಿತ್ಸೆ ಪಡೆಯುವ ಮಹಿಳೆಗೆ 21ರಿಂದ 50, ಪುರುಷನಿಗೆ 21ರಿಂದ 55ರ ಮಿತಿ.

ನೀವು ಎಲ್ಲಿ ಚಿಕಿತ್ಸೆ ಪಡೆಯುತ್ತೀರೋ ಅಲ್ಲಿಯ ನಿಯಮದಿಂದ ನೇರವಾಗಿ ಹೊರಡುವ ಪರಿಣಾಮಗಳನ್ನು ಯೋಚಿಸಿ. ದಾನ ಒಮ್ಮೆ ಮಾತ್ರ ಎಂದಿದ್ದರೆ, ಅದೇ ದಾನಿಯಿಂದ ಎರಡನೇ ಮಗು ಬೇಕೆಂದಾಗ ಈ ಸಲದ ಹೆಪ್ಪುಗಟ್ಟಿಸಿದ ಭ್ರೂಣಗಳೇ ಗತಿ. ಬೇರೆ ದೇಶಕ್ಕೆ ಹೋಗಿ ಮಾಡಿಸುವವರು, ಮರಳಿ ಬಂದ ಮೇಲೆ ಮಗುವಿನ ಕಾನೂನುಬದ್ಧ ತಾಯಿ ತಂದೆ ಯಾರು ಎಂಬುದನ್ನು ವಕೀಲರಿಂದ ಬರಹದಲ್ಲಿ ತಿಳಿದುಕೊಂಡೇ ಹೊರಡಬೇಕು.

ದಾನಿಯ ರಿಪೋರ್ಟ್ ಓದುವ ಬಗೆ

ಬಹುತೇಕರು ಮೊದಲು ನೋಡುವುದು ಎತ್ತರ, ಮೈಬಣ್ಣ, ಓದು. ಸಹಜವೇ. ಆದರೆ ಮೊದಲು ನೋಡಬೇಕಾದ ಸಾಲುಗಳು ಬೇರೆ.

ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆಗಳ ದಿನಾಂಕ ನೋಡಿ. ಹಳೆಯದಾದರೆ ಮತ್ತೆ ಮಾಡಿಸಲು ಹೇಳಿ. ತಂದೆ ತಾಯಿ, ಅಜ್ಜ ಅಜ್ಜಿಯವರೆಗಿನ ಕಾಯಿಲೆಗಳ ವಿವರ ಇದೆಯೇ? "ಏನೂ ಇಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದರೆ ಯಾರೂ ಕೂತು ಕೇಳಿಲ್ಲ ಎಂದರ್ಥ. ನಾಲ್ವರು ಅಜ್ಜ ಅಜ್ಜಿಯರಲ್ಲಿ ಒಬ್ಬರಿಗೂ ಸಕ್ಕರೆ ಕಾಯಿಲೆ ಬಿಪಿ ಏನೂ ಇಲ್ಲದ ಮನೆ ಅಪರೂಪ.

ಆಮೇಲೆ ಆನುವಂಶಿಕ ವಾಹಕ ಪರೀಕ್ಷೆ, ಅಂದರೆ ತಮಗೆ ಕಾಯಿಲೆ ಇಲ್ಲದಿದ್ದರೂ ಅದರ ಗುಣಾಣು ಒಳಗಿದೆಯೇ ಎಂದು ನೋಡುವುದು. ಇದನ್ನು ದಾನಿಗೆ ಮಾತ್ರ ಮಾಡಿದರೆ ಅರ್ಧ ಕೆಲಸ. ವೀರ್ಯ ಕೊಡುವವರ ರಿಪೋರ್ಟ್ ಜೊತೆ ಇಟ್ಟು ತಾಳೆ ನೋಡಬೇಕು. ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ಉದಾಹರಣೆ ತೆಗೆದುಕೊಳ್ಳಿ: ದಾನಿ ವಾಹಕಿ, ಆದರೆ ಪೂರ್ತಿ ಆರೋಗ್ಯವಂತೆ, ಗಂಡನೂ ವಾಹಕ, ಅವರಿಗೂ ಯಾವ ತೊಂದರೆಯಿಲ್ಲ. ಇಬ್ಬರೂ ಸೇರಿದ ಪ್ರತಿ ಭ್ರೂಣಕ್ಕೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ವಾಹಕಿ ಎಂಬ ಕಾರಣಕ್ಕೇ ದಾನಿಯನ್ನು ತಳ್ಳಿಹಾಕಬೇಕಿಲ್ಲ, ಗಂಡ ಅದೇ ಕಾಯಿಲೆಯ ವಾಹಕನಲ್ಲ ಎಂದು ಖಚಿತವಾದರೆ ಸಾಕು. ಇಂಥವೇ ಆನುವಂಶಿಕ ಕಾಯಿಲೆಗಳಾದ ಸಿಕಲ್ ಸೆಲ್, ಎಸ್‌ಎಂಎ, ಸಿಸ್ಟಿಕ್ ಫೈಬ್ರೋಸಿಸ್‌ಗೂ ಇದೇ ಲೆಕ್ಕ. ಬುದ್ಧಿಯ ಬೆಳವಣಿಗೆಯನ್ನು ಕುಂದಿಸುವ ಫ್ರಜೈಲ್ ಎಕ್ಸ್ ಮಾತ್ರ ಬೇರೆ: ಅದು ಅಂಡಾಣು ಕೊಟ್ಟವಳೊಬ್ಬಳಿಂದಲೇ ದಾಟಬಲ್ಲದು, ಗಂಡನ ರಿಪೋರ್ಟ್ ಸರಿಯಿದ್ದರೂ ಪ್ರಯೋಜನವಿಲ್ಲ.

ರಕ್ತದ ಗುಂಪು ನಿಮ್ಮದಕ್ಕೆ ಹೊಂದಲೇಬೇಕೆಂಬ ವೈದ್ಯಕೀಯ ನಿಯಮವಿಲ್ಲ. ಆದರೆ ಅದನ್ನು ಬರೆದಿಟ್ಟುಕೊಳ್ಳಿ. ಯಾಕೆಂದು ಮುಂದೆ ಹೇಳುತ್ತೇನೆ.

ಸಹಿ ಹಾಕುವ ಮುನ್ನ ಕೇಂದ್ರವನ್ನು ಕೇಳಬೇಕಾದ್ದು

ಉತ್ತರಗಳು ಬಾಯಿಮಾತಿನಲ್ಲಲ್ಲ, ಕಾಗದದಲ್ಲಿರಲಿ.

- ನಿಮ್ಮ ಯಶಸ್ಸಿನ ಪ್ರಮಾಣ ಎಂದರೆ ಯಾವುದು: ಪಾಸಿಟಿವ್ ಬಂದ ರಕ್ತಪರೀಕ್ಷೆಯೋ, ಸ್ಕ್ಯಾನಿನಲ್ಲಿ ಕಂಡ ಹೃದಯ ಬಡಿತವೋ, ಮನೆಗೆ ಹೋದ ಮಗುವೋ? ದಾನಿ ಅಂಡಾಣುವಿನ ಅಂಕಿ ಪ್ರತ್ಯೇಕವಾಗಿ ಇದೆಯೇ?
- ನಮಗೆ ಎಷ್ಟು ಪಕ್ವ ಅಂಡಾಣು ಖಾತ್ರಿ? ಒಬ್ಬ ದಾನಿಯ ಅಂಡಾಣುಗಳನ್ನು ಬೇರೆಯವರ ಜೊತೆ ಹಂಚುತ್ತೀರಾ?
- ದಾನಿಯ ಅಂಡಾಶಯ ಸರಿಯಾಗಿ ಸ್ಪಂದಿಸದಿದ್ದರೆ, ಅಥವಾ ಒಂದೂ ಭ್ರೂಣ ಬೆಳೆಯದಿದ್ದರೆ ಹಣದ ಕಥೆ ಏನು?
- ದಾನಿಗೆ ವಿಮೆ ಇದೆಯೇ? ತೊಡಕಾದರೆ ಯಾರು ನೋಡಿಕೊಳ್ಳುತ್ತಾರೆ?
- ದಾನಿಯ ದಾಖಲೆಯನ್ನು ಎಷ್ಟು ವರ್ಷ ಇಡುತ್ತೀರಿ? ಕೇಂದ್ರ ಮುಚ್ಚಿದರೆ ಅದು ಎಲ್ಲಿಗೆ ಹೋಗುತ್ತದೆ?

ಕೊನೆಯ ಪ್ರಶ್ನೆಗೆ ಎದುರಿನವರು ತಡಬಡಾಯಿಸುವುದುಂಟು. ಬಿಡಬೇಡಿ.

ಸಂಖ್ಯೆಯ ಬಗ್ಗೆ ಒಂದು ಅಂದಾಜು ತಲೆಯಲ್ಲಿರಲಿ: ಹತ್ತು ಪಕ್ವ ಅಂಡಾಣು ಸಿಕ್ಕರೆ ಏಳೆಂಟು ಫಲಗೊಳ್ಳಬಹುದು, ಐದನೇ ದಿನದ ಬ್ಲಾಸ್ಟೊಸಿಸ್ಟ್ ಹಂತ (ಭ್ರೂಣ ವರ್ಗಾವಣೆಗೆ ತಯಾರಾಗುವ ಹಂತ) ಮುಟ್ಟುವುದು ಮೂರೋ ನಾಲ್ಕೋ. ಲ್ಯಾಬಿನಿಂದ ದಿನಾ ಫೋನ್ ಬಂದು ಎಣಿಕೆ ಇಳಿಯುತ್ತ ಹೋದಾಗ ಏನೋ ಕೆಟ್ಟಿತು ಎಂದು ಗಾಬರಿಯಾಗುವುದು ಬೇಡ.

ನಿಮ್ಮ ದೇಹದ ತಯಾರಿ

ಅಂಡಾಣು ಎಷ್ಟೇ ಎಳೆಯದಾದರೂ ಗರ್ಭ ಹೊರುವುದು ನಿಮ್ಮ ಹೃದಯ, ನಿಮ್ಮ ಮೂತ್ರಪಿಂಡ. ಬಿಪಿ, ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್ ಮೊದಲೇ ಹತೋಟಿಗೆ ಬರಬೇಕು. ನಲವತ್ತೈದು ದಾಟಿದವರಿಗೆ ಹೃದಯದ ಪರೀಕ್ಷೆ ಮತ್ತು ಸ್ತನದ ಮ್ಯಾಮೊಗ್ರಾಮ್ ಕೇಳುತ್ತಾರೆ, ಕೇಳದಿದ್ದರೆ ನೀವೇ ಕೇಳಿ. ಟರ್ನರ್ ಸಿಂಡ್ರೋಮ್ ಇರುವವರಿಗೆ ಇದು ಔಪಚಾರಿಕತೆಯಲ್ಲ: ಗರ್ಭಾವಸ್ಥೆಯಲ್ಲಿ ಮಹಾಪಧಮನಿ ಸೀಳುವ ಅಪಾಯ ಇರುವುದರಿಂದ ಹೃದ್ರೋಗ ತಜ್ಞರು ಎಂಆರ್‌ಐ ಸಹಿತ ನೋಡಿ ಒಪ್ಪಿಗೆ ಕೊಡದೆ ಮುಂದುವರಿಯುವಂತಿಲ್ಲ. ಗರ್ಭಕೋಶದ ಒಳಗೆ ಗಡ್ಡೆ, ಪಾಲಿಪ್, ಅಂಟಿಕೆ ಇದೆಯೇ ಎಂದು ಸ್ಕ್ಯಾನ್ ಅಥವಾ ಹಿಸ್ಟರೊಸ್ಕೋಪಿಯಲ್ಲಿ (ಒಳಗೆ ತೆಳು ಕ್ಯಾಮೆರಾ ಹಾಯಿಸಿ) ನೋಡುತ್ತಾರೆ. ಫೋಲಿಕ್ ಆಮ್ಲದ ಮಾತ್ರೆ ವರ್ಗಾವಣೆಗೆ ಕೆಲವು ವಾರ ಮುಂಚೆಯೇ ಶುರುವಾಗಲಿ. ಧೂಮಪಾನ ಇಬ್ಬರೂ ಬಿಡಬೇಕು. ವೀರ್ಯಾಣು ತಯಾರಾಗಲು ಎರಡೂವರೆ ಮೂರು ತಿಂಗಳು ಹಿಡಿಯುವುದರಿಂದ ಗಂಡ ಹಿಂದಿನ ವಾರ ಬಿಟ್ಟರೆ ಸಾಲದು.

ಆ ಕಡೆ ದಾನಿಗೆ ಏನಾಗುತ್ತಿರುತ್ತದೆ

ಆಕೆಗೆ ಸುಮಾರು ಹತ್ತು ಹನ್ನೆರಡು ದಿನ ದಿನವೂ ಹಾರ್ಮೋನ್ ಇಂಜೆಕ್ಷನ್, ನಡುನಡುವೆ ಸ್ಕ್ಯಾನ್. ಅಂಡಾಣುಗಳಿರುವ ಕೋಶಗಳು ಬೆಳೆದಾಗ, ಅಂಡಾಣುಗಳನ್ನು ಪಕ್ವ ಮಾಡುವ ಕೊನೆಯ ಟ್ರಿಗರ್ ಇಂಜೆಕ್ಷನ್. ಅದಾಗಿ ಸುಮಾರು 36 ಗಂಟೆಗೆ, ಮತ್ತಿನಲ್ಲಿ, ಯೋನಿಯ ಮೂಲಕ ಸೂಜಿ ಹಾಯಿಸಿ ಅಂಡಾಣುಗಳನ್ನು ಹೊರತೆಗೆಯುತ್ತಾರೆ. ಅಂಡಾಶಯ ಅತಿಯಾಗಿ ಊದಿ ಹೊಟ್ಟೆಯಲ್ಲಿ ನೀರು ತುಂಬುವ ಓಎಚ್‌ಎಸ್‌ಎಸ್ ಎಂಬ ತೊಡಕು, ಅಪರೂಪಕ್ಕೆ ರಕ್ತಸ್ರಾವ, ಸೋಂಕು ಆಗಬಹುದು. ಅಗೊನಿಸ್ಟ್ ಬಗೆಯ ಟ್ರಿಗರ್ ಕೊಟ್ಟರೆ ಓಎಚ್‌ಎಸ್‌ಎಸ್ ಬಹುಮಟ್ಟಿಗೆ ತಪ್ಪುತ್ತದೆ. ಆಕೆಯ ಹೆಸರು ನಿಮಗೆ ತಿಳಿಯದಿದ್ದರೂ ಯಾವ ಟ್ರಿಗರ್ ಕೊಡುತ್ತೀರಿ ಎಂದು ನೀವು ಕೇಳಬಹುದು. ದಾನಿಯಿಂದ ಇನ್ನೂ ಹೆಚ್ಚು ಅಂಡಾಣು ತೆಗೆಸಿಕೊಡುತ್ತೇವೆ ಎಂದು ಹೆಮ್ಮೆಯಿಂದ ಹೇಳುವ ಕಡೆ ನನಗೆ ಅನುಮಾನ ಬರುತ್ತದೆ.

ನಿಮ್ಮ ಚಕ್ರ ಮತ್ತು ವರ್ಗಾವಣೆ

ಮುಟ್ಟಿನ ಎರಡನೇ ಮೂರನೇ ದಿನದಿಂದ, ಗರ್ಭಕೋಶದ ಒಳಪದರ ಬೆಳೆಸಲು, ಈಸ್ಟ್ರೊಜೆನ್ ಹಾರ್ಮೋನಿನ ಮಾತ್ರೆ ಅಥವಾ ಪ್ಯಾಚ್. ಹತ್ತು ಹದಿನಾಲ್ಕು ದಿನದ ಮೇಲೆ ಸ್ಕ್ಯಾನ್‌ನಲ್ಲಿ ಒಳಪದರ ಸಾಮಾನ್ಯವಾಗಿ 7 ಮಿಲಿಮೀಟರ್ ಅಥವಾ ಹೆಚ್ಚು ದಪ್ಪ ಬಂದು ಮೂರು ಗೆರೆಗಳಾಗಿ ಕಂಡರೆ, ಆ ಪದರವನ್ನು ಭ್ರೂಣಕ್ಕೆ ಸಿದ್ಧಮಾಡುವ ಪ್ರೊಜೆಸ್ಟರಾನ್ ಹಾರ್ಮೋನ್ ಶುರು. ಇದು ಗಡಿಯಾರದ ಕೆಲಸ. ಪ್ರೊಜೆಸ್ಟರಾನ್ ಶುರುವಾಗಿ ಐದು ದಿನ ತುಂಬಿದ ಮೇಲೆ ಐದು ದಿನದ ಭ್ರೂಣವನ್ನು ಇಡುತ್ತಾರೆ. ಮೊದಲ ಡೋಸ್ ಹೇಳಿದ ದಿನ ಹೇಳಿದ ಹೊತ್ತಿಗೆ ಆಗದಿದ್ದರೆ ಮುಚ್ಚಿಡದೆ ಫೋನ್ ಮಾಡಿ. ದಿನಾಂಕ ಮುಂದಕ್ಕೆ ಹಾಕಿಕೊಳ್ಳಬಹುದು, ಹಾಳಾದ ವರ್ಗಾವಣೆಯನ್ನು ಹಿಂದಕ್ಕೆ ತರಲಾಗದು.

ಇನ್ನೂ ಮುಟ್ಟು ಕ್ರಮವಾಗಿ ಬರುತ್ತಿರುವವರು ಹೆಪ್ಪುಗಟ್ಟಿಸಿದ ಭ್ರೂಣವನ್ನು ಸಹಜ ಚಕ್ರದಲ್ಲೇ ಇಡಬಹುದೇ ಎಂದು ಕೇಳಿ. ದೇಹವೇ ಅಂಡೋತ್ಪತ್ತಿ ಮಾಡಿದಾಗ ಅಂಡಾಶಯದಲ್ಲಿ ಉಳಿಯುವ, ಹಾರ್ಮೋನ್ ಸುರಿಸುವ ಕಾರ್ಪಸ್ ಲೂಟಿಯಂ ಎಂಬ ಗ್ರಂಥಿ ಮುಂದೆ ಗರ್ಭಾವಸ್ಥೆಯ ಬಿಪಿಯ ಅಪಾಯ ತಗ್ಗಿಸುವಂತೆ ಕಾಣುತ್ತದೆ.

ವರ್ಗಾವಣೆಯ ದಿನ ಸಾಮಾನ್ಯವಾಗಿ ಅರಿವಳಿಕೆ ಇರುವುದಿಲ್ಲ. ಮೂತ್ರಕೋಶ ತುಂಬಿರಬೇಕು, ಹಾಗಾದರೆ ಹೊಟ್ಟೆಯ ಮೇಲಿನ ಸ್ಕ್ಯಾನಿನಲ್ಲಿ ಗರ್ಭಕೋಶ ಚೆನ್ನಾಗಿ ಕಾಣುತ್ತದೆ. ನಿಮ್ಮ ಹೆಸರನ್ನು ಒಂದಲ್ಲ ಎರಡು ಸಲ ಕೇಳುತ್ತಾರೆ, ಲ್ಯಾಬಿನವರು ಡಿಶ್ ಮೇಲಿನ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ. ಕೇಳದಿದ್ದರೆ ನೀವೇ ಓದಲು ಹೇಳಿ. ತೆಳುವಾದ ಮೆದು ಕೊಳವೆ ಒಳಗೆ ಹೋಗುತ್ತದೆ, ಪರದೆಯ ಮೇಲೆ ಒಂದು ಬಿಳಿ ಚುಕ್ಕೆ ಮಿಂಚುತ್ತದೆ. ಅದು ಭ್ರೂಣವಲ್ಲ, ಅದರ ಜೊತೆ ಹೋದ ಗಾಳಿಗುಳ್ಳೆ. ಆಮೇಲೆ ಎದ್ದು ಮೂತ್ರಕ್ಕೆ ಹೋಗಬಹುದು, ಏನೂ ಜಾರಿ ಬೀಳುವುದಿಲ್ಲ. ದಿನಗಟ್ಟಲೆ ಮಲಗಿರುವುದರಿಂದ ಲಾಭವಿಲ್ಲ ಎಂದು ಅಧ್ಯಯನಗಳು ತೋರಿಸಿವೆ.

ಒಂದೇ ಭ್ರೂಣ ಇಡಿ. ಎಳೆಯ ದಾನಿಯ ಭ್ರೂಣಕ್ಕೆ ಅಂಟುವ ಶಕ್ತಿ ಚೆನ್ನಾಗಿರುವುದರಿಂದ ಎರಡು ಇಟ್ಟರೆ ಅವಳಿಯಾಗುವ ಸಾಧ್ಯತೆ ನಿಜಕ್ಕೂ ಹೆಚ್ಚು. ನಲವತ್ತು ದಾಟಿದ ದೇಹಕ್ಕೆ ಅವಳಿ ಎಂದರೆ ಅವಧಿಗೆ ಮುಂಚಿನ ಹೆರಿಗೆ, ಬಿಪಿ ಎಲ್ಲದರ ಅಪಾಯವೂ ಏರುತ್ತದೆ. "ಒಂದೇ ಸಲಕ್ಕೆ ಎರಡೂ ಮುಗಿಯಲಿ" ಎಂಬ ಆಸೆಗೆ ಡಾಕ್ಟರೂ ತಲೆದೂಗಿದರೆ ಇನ್ನೊಮ್ಮೆ ಯೋಚಿಸಿ.

ಫಲಿತಾಂಶಕ್ಕೆ, ವರ್ಗಾವಣೆಯಾಗಿ ಒಂಬತ್ತರಿಂದ ಹದಿನಾಲ್ಕು ದಿನದೊಳಗೆ, ಗರ್ಭ ನಿಂತಿದೆಯೇ ಎಂದು ಹೇಳುವ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ. ನಡುವೆ ಸ್ವಲ್ಪ ರಕ್ತ ಕಂಡರೆ ಮುಟ್ಟಾಯಿತೆಂದುಕೊಂಡು ಔಷಧ ನಿಲ್ಲಿಸಬೇಡಿ. ಔಷಧದ ಚಕ್ರದಲ್ಲಿ ಗರ್ಭ ನಿಂತವರಿಗೆ ಮಾಸು ತಾನೇ ಹಾರ್ಮೋನ್ ತಯಾರಿಸುವವರೆಗೆ, ಅಂದರೆ ಸುಮಾರು ಹತ್ತು ಹನ್ನೆರಡು ವಾರದವರೆಗೆ, ಈ ಮಾತ್ರೆಗಳೇ ಆಧಾರ.

ಗರ್ಭ ನಿಂತ ಮೇಲೆ ಮರೆಯುವ ಮೂರು ವಿಷಯ

ಇಲ್ಲಿಗೆ ಬಂಜೆತನದ ಆಸ್ಪತ್ರೆಯಿಂದ ಹೆರಿಗೆ ಆಸ್ಪತ್ರೆಗೆ ನಿಮ್ಮ ಫೈಲ್ ಹೋಗುತ್ತದೆ. ನಾಚಿಕೆಯಿಂದಲೋ ಗುಟ್ಟಿನ ಭಯದಿಂದಲೋ ಹೊಸ ಡಾಕ್ಟರಿಗೆ ದಾನಿಯ ವಿಷಯ ಹೇಳದವರಿದ್ದಾರೆ. ಇದು ಅಪಾಯಕಾರಿ ಮೌನ. ಹೊರಗಿನವರಿಗೆ ಹೇಳಬೇಡಿ ಎಂದು ಕೇಳಿಕೊಳ್ಳುವ ಹಕ್ಕು ನಿಮಗಿದೆ, ಆದರೆ ಡಾಕ್ಟರಿಗೆ ಗೊತ್ತಿರಲೇಬೇಕು.

ಮೊದಲನೆಯದು ವಯಸ್ಸು. ಡೌನ್ ಸಿಂಡ್ರೋಮ್ ಅಪಾಯ ಲೆಕ್ಕ ಹಾಕುವ ಹನ್ನೆರಡನೇ ವಾರದ ಪರೀಕ್ಷೆಯ ಅರ್ಜಿಯಲ್ಲಿ ತಾಯಿಯ ವಯಸ್ಸು ಕೇಳುತ್ತಾರೆ. ಅಲ್ಲಿ ಬೇಕಾದ್ದು ಅಂಡಾಣು ತೆಗೆದ ದಿನದ ದಾನಿಯ ವಯಸ್ಸು. ನಿಮ್ಮ ನಲವತ್ನಾಲ್ಕು ಬರೆದರೆ ಇಲ್ಲದ ಅಪಾಯ ಕಾಗದದ ಮೇಲೆ ಎದ್ದು ಕೂರುತ್ತದೆ, ಅನಗತ್ಯವಾಗಿ ಹೊಟ್ಟೆಗೆ ಸೂಜಿ ಹಾಕಿ ಗರ್ಭದ ನೀರು ತೆಗೆಸಿ ಪರೀಕ್ಷಿಸುವವರೆಗೆ ಹೋಗುತ್ತದೆ. ಮಗುವಿನ ವರ್ಣತಂತುಗಳ ದೋಷ ಹುಡುಕಲು ತಾಯಿಯ ರಕ್ತದಿಂದ ಮಾಡುವ ಎನ್‌ಐಪಿಟಿಯಲ್ಲೂ ಕೆಲವು ಬಗೆಯವು ದಾನಿ ಅಂಡಾಣುವಿನ ಗರ್ಭಕ್ಕೆ ಒಗ್ಗುವುದಿಲ್ಲ, ಲ್ಯಾಬಿಗೆ ಮೊದಲೇ ತಿಳಿಸಬೇಕು.

ಎರಡನೆಯದು ರಕ್ತದ ಗುಂಪು. ನೀವೂ ನಿಮ್ಮ ಗಂಡನೂ ಆರ್‌ಎಚ್ ನೆಗೆಟಿವ್ ಆಗಿದ್ದರೆ, ಮಗುವೂ ನೆಗೆಟಿವ್ ಎಂದುಕೊಂಡು, ಪಾಸಿಟಿವ್ ಮಗುವಿನ ರಕ್ತಕ್ಕೆ ತಾಯಿಯ ದೇಹ ಪ್ರತಿಕಾಯ ಬೆಳೆಸದಂತೆ ತಡೆಯುವ ಆ್ಯಂಟಿ-ಡಿ ಇಂಜೆಕ್ಷನ್ ಬಿಡುವ ಸಾಧ್ಯತೆ ಇದೆ. ದಾನಿ ಪಾಸಿಟಿವ್ ಆಗಿದ್ದರೆ ಮಗು ಪಾಸಿಟಿವ್ ಇರಬಹುದು. ದಾನಿಯ ಗುಂಪು ಬರೆದಿಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಮೂರನೆಯದು ಬಿಪಿ. ಸ್ವಂತ ಅಂಡಾಣುವಿನ ಗರ್ಭದಲ್ಲಿ ಮಗುವಿನ ಅರ್ಧ ಭಾಗ ತಾಯಿಯದ್ದಾಗಿರುತ್ತದೆ. ಇಲ್ಲಿ ಪೂರ್ತಿ ಹೊರಗಿನದು. ಪ್ರೀ-ಎಕ್ಲಾಂಪ್ಸಿಯಾ ಎಂಬ ಬಿಪಿಯ ತೊಡಕು ಸ್ವಂತ ಅಂಡಾಣುವಿನ ಐವಿಎಫ್‌ಗಿಂತಲೂ ಇದರಲ್ಲಿ ಹೆಚ್ಚು ಎನ್ನುವುದಕ್ಕೆ ತಾಯಿಯ ರೋಗನಿರೋಧಕ ವ್ಯವಸ್ಥೆ ಇದನ್ನು ಸ್ವೀಕರಿಸುವ ಬಗೆಯೇ ಕಾರಣವಿರಬೇಕು ಎಂದು ಭಾವಿಸಲಾಗಿದೆ. ಹನ್ನೆರಡರಿಂದ ಹದಿನಾರನೇ ವಾರದೊಳಗೆ ಕಡಿಮೆ ಡೋಸಿನ ಆಸ್ಪಿರಿನ್ ಶುರುಮಾಡಬೇಕೇ ಎಂದು ಡಾಕ್ಟರನ್ನು ಕೇಳಿ, ನೀವಾಗಿ ನುಂಗಬೇಡಿ. ಇಪ್ಪತ್ತು ವಾರ ದಾಟಿದ ಮೇಲೆ ತಡೆಯಲಾರದ ತಲೆನೋವು, ಕಣ್ಣ ಮುಂದೆ ಮಿಂಚು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈ ದಿಢೀರನೆ ಊದಿಕೊಳ್ಳುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಎದೆಹಾಲು ಬರುತ್ತದೆಯೇ ಎಂದು ಅನೇಕರು ಮೆಲ್ಲಗೆ ಕೇಳುತ್ತಾರೆ. ಬರುತ್ತದೆ. ಹಾಲಿಗೂ ಅಂಡಾಣು ಯಾರದ್ದು ಎಂಬುದಕ್ಕೂ ಸಂಬಂಧವಿಲ್ಲ.

ಫಲಿಸದಿದ್ದರೆ, ಉಳಿದರೆ

ಮೊದಲ ವರ್ಗಾವಣೆ ಫಲಿಸದಿರುವುದು ಅರ್ಧದಷ್ಟು ಜನರ ಅನುಭವ. ಹೆಪ್ಪುಗಟ್ಟಿಸಿದ ಭ್ರೂಣವಿದ್ದರೆ ದಾನಿಯನ್ನು ಬದಲಿಸುವ ಮಾತು ಆಗಲೇ ಬೇಡ. ಎರಡು ಮೂರು ಒಳ್ಳೆಯ ಭ್ರೂಣ ಇಟ್ಟೂ ನಿಲ್ಲದಿದ್ದರೆ ಗರ್ಭಕೋಶ ಮತ್ತು ವೀರ್ಯದ ಕಡೆ ಮತ್ತೆ ನೋಡಬೇಕು.

ಮಗು ಬಂದ ಮೇಲೆ ಭ್ರೂಣಗಳು ಉಳಿದರೆ ಇಡುವುದೇ, ಬೇರೆಯವರಿಗೆ ಕೊಡುವುದೇ, ಸಂಶೋಧನೆಗೆ ಕೊಡುವುದೇ, ಬಿಟ್ಟುಬಿಡುವುದೇ ಎಂದು ತೀರ್ಮಾನಿಸಬೇಕು. ಇದರಲ್ಲಿ ದಾನಿ ಮೊದಲೇ ಯಾವುದಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ ಎಂಬುದು ನಿಮ್ಮ ಕೈ ಕಟ್ಟುತ್ತದೆ. ನಿಮ್ಮಲ್ಲೊಬ್ಬರು ತೀರಿಕೊಂಡರೆ, ಬೇರೆಯಾದರೆ ಏನು ಎಂಬ ಸಾಲು ಒಪ್ಪಂದದಲ್ಲಿರುತ್ತದೆ. ಸಹಿ ಹಾಕುವಾಗ ಅದನ್ನು ಓದಿದವರು ಕಡಿಮೆ.

ಮಗುವಿಗೆ ಹೇಳುವ ಮಾತು, ಇಡುವ ಫೈಲು

ಮೂರು ನಾಲ್ಕು ವರ್ಷದ ಮಗುವಿಗೆ ಇಷ್ಟು ಸಾಕು: "ಮಗು ಆಗೋಕೆ ಪುಟ್ಟ ಮೊಟ್ಟೆ ಬೇಕು. ಅಮ್ಮನ ಮೊಟ್ಟೆ ಕೆಲಸ ಮಾಡ್ಲಿಲ್ಲ. ಒಬ್ರು ಆಂಟಿ ಅವರದನ್ನ ಕೊಟ್ರು. ಆಮೇಲೆ ನೀನು ಅಮ್ಮನ ಹೊಟ್ಟೇಲಿ ಬೆಳೆದೆ." ಮಗು ಇನ್ನೂ ಅರ್ಥವಾಗದ ಕೂಸಾಗಿರುವಾಗಲೇ ನೀವು ಇದನ್ನು ಹೇಳಿ ರೂಢಿ ಮಾಡಿಕೊಳ್ಳಬಹುದು. ತೊಡರುವುದು ಮಗುವಿನ ಕಿವಿಯಲ್ಲ, ನಿಮ್ಮ ನಾಲಗೆ. ಎಂಟು ಹತ್ತಕ್ಕೆ ಗುಣಾಣುಗಳ ಪ್ರಶ್ನೆ ಬರುತ್ತದೆ, ಹದಿಹರೆಯದಲ್ಲಿ "ನೀನು ನನ್ನ ನಿಜವಾದ ಅಮ್ಮ ಅಲ್ಲ" ಎಂಬ ಮಾತೂ ಒಂದು ಜಗಳದಲ್ಲಿ ಬರಬಹುದು. ಆ ವಯಸ್ಸಿನವರು ಅಮ್ಮಂದಿರ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಾರೆ, ಇದು ಸಿಕ್ಕಿದರೆ ಇದನ್ನೂ ಎಸೆಯುತ್ತಾರೆ.

ಫೈಲಿನಲ್ಲಿ ದಾನಿಯ ವಿವರದ ಪ್ರತಿ, ದಾನಿಯ ಸಂಕೇತ ಸಂಖ್ಯೆ, ರಕ್ತದ ಗುಂಪು, ವಾಹಕ ಪರೀಕ್ಷೆಯ ರಿಪೋರ್ಟ್, ಕುಟುಂಬದ ಕಾಯಿಲೆಗಳ ಪಟ್ಟಿ, ಅಂಡಾಣು ತೆಗೆದ ದಿನಾಂಕ, ಬ್ಯಾಂಕ್ ಮತ್ತು ಕೇಂದ್ರದ ಹೆಸರು, ಸಹಿ ಮಾಡಿದ ಒಪ್ಪಂದ ಇರಲಿ. ಒಂದು ಕಾಗದದಲ್ಲಿ, ಒಂದು ಡಿಜಿಟಲ್ ಪ್ರತಿಯಾಗಿ ಇಡಿ. ಮಕ್ಕಳ ಡಾಕ್ಟರ್ "ತಾಯಿಯ ಕಡೆ ಆಸ್ತಮಾ ಇದೆಯಾ?" ಎಂದು ಕೇಳಿದಾಗ ನಿಮ್ಮ ತವರಿನ ಕಥೆ ಹೇಳಬೇಡಿ, ಈ ಫೈಲಿನಲ್ಲಿ ಇರುವುದನ್ನು ಹೇಳಿ. ಇಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ತಪ್ಪು ಇತಿಹಾಸಕ್ಕಿಂತ ಖಾಲಿ ಇತಿಹಾಸ ವಾಸಿ. ಮಗುವಿಗೆ ಆನುವಂಶಿಕ ಕಾಯಿಲೆಯೇನಾದರೂ ಪತ್ತೆಯಾದರೆ ಬ್ಯಾಂಕಿಗೋ ಕೇಂದ್ರಕ್ಕೋ ಬರೆದು ತಿಳಿಸಿ: ದಾನಿಗೆ ಸ್ವಂತ ಮಕ್ಕಳಿರಬಹುದು, ಅದೇ ದಾನಿಯ ಅಂಡಾಣು ಇನ್ನೂ ಹೆಪ್ಪುಗಟ್ಟಿಸಿಟ್ಟಿರಬಹುದು.